ಭಂಡಾರ ಹಚ್ಚಿದ ಕಲ್ಲು

ಹುಲ್ಲಪ್ಪ ಕಾಕಾ ಊಟದ ಹೊತ್ತಿಗೆ ಊಟ ಮಾಡುವವರಲ್ಲ. ಇಳಕಲ್ಲಿನ ನಮ್ಮ ಗ್ರಾನೈಟ್ ಕಾರ್ಖಾನೆಯಲ್ಲಿ ಒಂದೂವರೆಗೆ ಸೈರನ್ ಕೂಗಿದರೆ ಎಲ್ಲರೂ ಬುತ್ತಿಗಂಟು ಬಿಚ್ಚುತ್ತಾರೆ. ಇವರು ಮಾತ್ರ ಬೇವಿನ ಮರದ ಕೆಳಗೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ. ದಿನದ ಕಡೆಯ ಕಲ್ಲನ್ನು ಕ್ರೇನು ಎತ್ತಿ, ಒಯ್ದು, ಇಳಿಸಿ, ಅದರ ಸರಪಳಿ ಬಿಚ್ಚಿದ ಮೇಲೆಯೇ ಅವರ ಗಂಟಲಲ್ಲಿ ತುತ್ತು ಇಳಿಯುವುದು. ಅಷ್ಟೊತ್ತಿಗೆ ಹೆಂಡತಿ ಸೋಮವ್ವ ಬೆಳಿಗ್ಗೆ ಬಡಿದುಕೊಟ್ಟ ರೊಟ್ಟಿ ಒಣಗಿ ಹಪ್ಪಳವಾಗಿರುತ್ತದೆ.

"ಇದೇನ್ ಉಪಾಸ ಕಾಕಾ, ಯಾವ ದೇವರಿಗೆ?" ಎಂದು ಒಮ್ಮೆ ಕೇಳಿದ್ದೆ.

"ದೇವರಿಗಲ್ರಿ ಅಕ್ಕಾರ. ಅಂಜಿಕಿಗೆ," ಎಂದಿದ್ದರು.

ನಾನು ನಾಗರತ್ನಾ. ಹುನಗುಂದದಿಂದ ದಿನಾ ಬಸ್ಸಿಗೆ ಬಂದು ಈ ಕಾರ್ಖಾನೆಯ ಆಫೀಸಿನಲ್ಲಿ ಕೂರಲು ಶುರುಮಾಡಿ ಹನ್ನೊಂದು ವರ್ಷ ದಾಟಿತು. ಕಲ್ಲಿನ ನಂಬರು, ಅಳತೆ, ಫೋಟೊ ಎಲ್ಲ ನನ್ನ ಕೈಯಲ್ಲಿ. ನನ್ನ ಬಾಯಿ ಜೋರು ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಬಾಯಿ ಜೋರಿಲ್ಲದಿದ್ದರೆ ಅರವತ್ತು ಗಂಡಸರ ನಡುವೆ ಹನ್ನೊಂದು ದಿನವೂ ಕೂರಲಾಗುತ್ತಿರಲಿಲ್ಲ. ಈ ಸಂಗತಿಯಲ್ಲಿ ಬೈಸಿಕೊಳ್ಳಬೇಕಾದವರು ಬೇಕಾದಷ್ಟು ಜನ ಇದ್ದಾರೆ, ಮೊದಲನೆಯವಳು ನಾನೇ.

ಕಾಕಾ ಹುಟ್ಟಿದ್ದು ಬೇವೂರಿನಲ್ಲಿ, ಬೀರಪ್ಪನಿಗೆ ನಡೆದುಕೊಳ್ಳುವ ಮನೆಯಲ್ಲಿ. ಇಪ್ಪತ್ತು ತುಂಬುವವರೆಗೂ ಕುರಿ ಕಾಯ್ದರು. ನೂರು ಕುರಿಗಳಲ್ಲಿ ಕೆಮ್ಮಿದ್ದು ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರಂತೆ. ಆ ಕಿವಿಯನ್ನೇ ಇಲ್ಲಿಗೆ ತಂದು ಕಲ್ಲಿಗೆ ಹಚ್ಚಿದರು. ಗಣಿಯಿಂದ ಲಾರಿಯಲ್ಲಿ ಬರುವ ಕೆಂಪು ಕಲ್ಲು ಒಂದೊಂದೂ ಹದಿನೈದು ಇಪ್ಪತ್ತು ಟನ್ ತೂಗುತ್ತದೆ. ಹೊರಗೆ ಎಷ್ಟು ಚೆಂದ ಕಂಡರೂ ಒಳಗೆ ಸೀಳಿದ್ದರೆ, ಕ್ರೇನು ಎತ್ತಿದಾಗ ತನ್ನ ಭಾರಕ್ಕೆ ತಾನೇ ಗಾಳಿಯಲ್ಲಿ ಎರಡು ಹೋಳಾಗುತ್ತದೆ. ಅದಕ್ಕೆ ಎತ್ತುವ ಮೊದಲು ಕಾಕಾ ಸಣ್ಣ ಸುತ್ತಿಗೆಯಿಂದ ಕಲ್ಲಿನ ಸುತ್ತಲೂ ಬಡಿದು ಕೇಳುತ್ತಿದ್ದರು. ಗಟ್ಟಿ ಕಲ್ಲು ಗಂಟೆಯ ಹಾಗೆ ಖಣ್ ಎನ್ನುತ್ತದೆ. ಸೀಳು ಇದ್ದದ್ದು, ಅವರ ಮಾತಿನಲ್ಲಿ ಹೇಳುವುದಾದರೆ, "ಕೆಮ್ಮತೈತಿ."

ನಾನು ಕೆಲಸಕ್ಕೆ ಸೇರುವ ಮೂರು ವರ್ಷ ಮೊದಲು, ಒಂದು ಕಲ್ಲು ಕೆಮ್ಮಿದ್ದು ಅವರಿಗೆ ಕೇಳಿಸಲಿಲ್ಲ. ಅವತ್ತು ಮೈಯಲ್ಲಿ ಜ್ವರ, ಕಿವಿ ಗುಂಯ್ ಎನ್ನುತ್ತಿತ್ತು. ಆದರೂ ನಾಲ್ಕು ಏಟು ಹಾಕಿ "ಎತ್ರಿ" ಎಂದುಬಿಟ್ಟರು. ಕೆಳಗೆ ಸರಪಳಿ ಹಿಡಿದಿದ್ದ ರಾಜಮಹ್ಮದ ಬಿದ್ದ ಹೋಳಿನ ಅಡಿ ಸಿಕ್ಕು ತೀರಿಹೋದ. ಒಂದೇ ಬೀಡಿಯನ್ನು ಹಂಚಿಕೊಂಡು ಸೇದುತ್ತಿದ್ದ ಗೆಳೆಯ. ಕಾಕಾ ಅವತ್ತೇ ಬೀಡಿ ಬಿಟ್ಟರು.

ಆಮೇಲೆ ಮೂರು ದಿನ ಯಾರೂ ಕ್ರೇನು ಮುಟ್ಟಲಿಲ್ಲ. ನಾಲ್ಕನೆಯ ದಿನ ಕಾಕಾ ಬೇವೂರಿಗೆ ಹೋಗಿ ಬೀರಪ್ಪನ ಗುಡಿಯಿಂದ ಭಂಡಾರ ತಂದರು. ಭಂಡಾರವೆಂದರೆ ದೇವರ ಮುಂದಿನ ಅರಿಷಿಣದ ಪುಡಿ. ಒಂದು ಕಲ್ಲನ್ನು ಅರ್ಧ ತಾಸು ಬಡಿದು ಕೇಳಿ, ಗಟ್ಟಿ ಎಂದು ಖಾತ್ರಿಯಾದ ಮೇಲೆ ಅದರ ಮುಂಭಾಗಕ್ಕೆ ಮೂರು ಬೆರಳಿನಿಂದ ದಪ್ಪಗೆ ಭಂಡಾರ ಎಳೆದರು. "ಇದು ನನ್ನ ಆಣಿ. ದೇವರನ್ನ ಮುಂದ ಇಟ್ಕೊಂಡು ಕೇಳೇನಿ," ಎಂದರು. ಅಂದಿನಿಂದ ನಮ್ಮಲ್ಲಿ ಭಂಡಾರವಿಲ್ಲದ ಕಲ್ಲಿಗೆ ಸರಪಳಿ ಹಾಕುವುದಿಲ್ಲ. ಈಗ ಕ್ರೇನು ನಡೆಸುವವನು ರಾಜಮಹ್ಮದನ ಮಗ ಜಹೀರ. ಅವನೂ ಮೇಲಿನಿಂದ ಮೊದಲು ಆ ಹಳದಿಯನ್ನು ನೋಡುತ್ತಾನೆ, ಆಮೇಲೆ ಗೇರಿಗೆ ಕೈ ಹಾಕುತ್ತಾನೆ. ಕೆಳಗೆ ಸರಪಳಿ ಹಾಕುವವನು ಕಾಕಾ ಅವರ ಒಬ್ಬನೇ ಮಗ ಮಹಾಂತೇಶ. ಬೇಡವೆಂದು ಎಷ್ಟು ಹೇಳಿದರೂ ಕೇಳದೆ ಅದೇ ಕೆಲಸಕ್ಕೆ ಸೇರಿದ. ಕಾಕಾ ಅವರ ಉಪವಾಸ ಯಾಕೆಂದು ಇನ್ನು ಬೇರೆ ಹೇಳಬೇಕಾಗಿಲ್ಲ.

ಕೆಲವು ತಿಂಗಳ ಹಿಂದೆ ನಮ್ಮ ಮಾಲೀಕರು ಯಂತ್ರ ತರಿಸಿದರು. ಚೇತನಕುಮಾರ ಎಂದು ಅವರ ಹೆಸರು, ಮೂವತ್ತೆರಡರ ವಯಸ್ಸು. ಕೆಟ್ಟವರಲ್ಲ, ಹೊಸದೆಂದರೆ ಕಣ್ಣರಳಿಸುವವರು ಅಷ್ಟೆ. ಬಾಗಲಕೋಟೆಯ ನವನಗರದಲ್ಲಿ ಯಾವುದೋ ಸಭೆಗೆ ಹೋಗಿ ಬಂದವರು ಎರಡು ದಿನ ಬೇರೆ ಮಾತನ್ನೇ ಆಡಲಿಲ್ಲ. ಕೃತಕ ಬುದ್ಧಿಮತ್ತೆಯಂತೆ. ಕಬ್ಬಿಣದ ಒಂದು ಕಮಾನು, ಅದರಲ್ಲಿ ಎಂಟು ಕ್ಯಾಮೆರಾ, ಪಕ್ಕದಲ್ಲಿ ಕಂಪ್ಯೂಟರು. ಕಲ್ಲನ್ನು ಲಾರಿಯಿಂದ ಹಳಿಯ ಮೇಲಿನ ಟ್ರಾಲಿಗೆ ಜಾರಿಸಿ ಕಮಾನಿನ ಅಡಿಗೆ ತಳ್ಳಿದರೆ ಸಾಕು, ಗಟ್ಟಿಯಿದ್ದರೆ ಹಸಿರು ದೀಪ, ಸೀಳಿದ್ದರೆ ಕೆಂಪು. ಒಳಗಿನ ಸೀಳಿಗೆ ಹೊರಗೆ ಕೂದಲೆಳೆಯಷ್ಟು ಗುರುತು ಇದ್ದೇ ಇರುತ್ತದೆ, ಅದು ಮನುಷ್ಯರಿಗೆ ಕಾಣುವುದಿಲ್ಲ, ಯಂತ್ರಕ್ಕೆ ಕಾಣುತ್ತದೆ ಎಂದು ಅದನ್ನು ಕೂರಿಸಲು ಹುಬ್ಬಳ್ಳಿಯಿಂದ ಬಂದಿದ್ದ ಪ್ರೇಮಕುಮಾರ ವಿವರಿಸಿದ.

"ಅದಕ್ಕ ಇದನ್ನೆಲ್ಲಾ ಕಲಿಸಾವ್ರು ಯಾರು?" ಎಂದೆ.

"ನೀವ ರೀ ಮೇಡಂ," ಎಂದ. "ನೀವು ತಗದಿದ್ದ ಫೋಟೊ."

ಹನ್ನೊಂದು ವರ್ಷದ ಫೋಟೊಗಳನ್ನು ನಾನು ಎರಡು ಗುಂಪು ಮಾಡಿ ಇಟ್ಟಿದ್ದೆ. ಕಾಕಾ ಗಟ್ಟಿ ಎಂದದ್ದು ಒಂದು ಕಡೆ, ಬೇಡ ಎಂದದ್ದು ಇನ್ನೊಂದು ಕಡೆ. ಎಲ್ಲಕ್ಕೂ ದಿನಾಂಕ, ಎಲ್ಲಕ್ಕೂ ನಂಬರು. ಯಂತ್ರ ಇವನ್ನು ನೋಡಿ ನೋಡಿ ಯಾವುದು ಗಟ್ಟಿ, ಯಾವುದು ಸೀಳು ಎಂದು ತಾನೇ ಕಂಡುಕೊಳ್ಳುತ್ತದಂತೆ. "ಇಷ್ಟು ಶಿಸ್ತಿನ ಕೆಲಸ ನಾ ಎಲ್ಲೂ ನೋಡಿಲ್ರಿ," ಎಂದು ಪ್ರೇಮಕುಮಾರ ಹೊಗಳಿದ. ನಾನು ಪೂರಿಯ ಹಾಗೆ ಉಬ್ಬಿದೆ. ಯಂತ್ರದ ಪರೀಕ್ಷೆಗೆಂದು ನನ್ನ ಫೋಟೊಗಳಲ್ಲೇ ಇನ್ನೂರನ್ನು ಅದಕ್ಕೆ ತೋರಿಸದೆ ಬೇರೆ ಇಟ್ಟಿದ್ದ. ಇನ್ನೂರರಲ್ಲಿ ಎರಡೇ ತಪ್ಪು. ಮಾಲೀಕರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಕಾಕಾ ಅವರಿಗೆ ಗೇಟಿನ ಬಳಿ ಒಂದು ಕುರ್ಚಿ ಸಿಕ್ಕಿತು. "ಕಾಕಾ, ಭಾಳ ವರ್ಷ ದುಡದೀರಿ. ಇನ್ನ ಗೇಟಿನಾಗ ಆರಾಮ ಕುಂದರ್ರಿ," ಎಂದರು ಮಾಲೀಕರು.

ಕಾಕಾ ಸುತ್ತಿಗೆಯನ್ನು ರುಮಾಲಿನ ತುದಿಯಿಂದ ಒರೆಸುತ್ತ ಒಂದೇ ಮಾತು ಕೇಳಿದರು. "ಸಾವ್ಕಾರ್ರ, ಆ ಮಿಶಿನ್ನಿಗೆ ಅಂಜಿಕಿ ಐತೇನ್ರಿ?"

"ಅಂಜಿಕಿ ಇಲ್ಲಂತನ ತರಸೇನಿ ಕಾಕಾ," ಎಂದು ಮಾಲೀಕರು ನಕ್ಕರು. ನಾವೆಲ್ಲರೂ ನಕ್ಕೆವು.

ಯಂತ್ರ ಶುರುವಾದ ದಿನ ನಾನು ಟೋಪ್ ತೆಣಿ ಸೆರಗಿನ ಇಳಕಲ್ ಸೀರೆ ಉಟ್ಟು ಬಂದಿದ್ದೆ. ಏಳು ಕಲ್ಲು ಕಾದಿದ್ದವು. ಮೊದಲನೆಯದನ್ನು ತಳ್ಳಿದರು, ಕೆಂಪು. ಎರಡನೆಯದು ಕೆಂಪು. ಏಳಕ್ಕೆ ಏಳೂ ಕೆಂಪು. ಪ್ರೇಮಕುಮಾರ ಕ್ಯಾಮೆರಾ ಒರೆಸಿದ, ವೈರು ಅಲುಗಿಸಿದ, ಕಂಪ್ಯೂಟರಿನಲ್ಲಿ ಏನೇನೋ ತಿದ್ದಿದ. ಮಾಲೀಕರ ಮುಖ ಕಪ್ಪಿಟ್ಟಿತು. ಆಗ ಕ್ರೇನಿನ ಮೇಲಿನಿಂದ ಜಹೀರ ಕೂಗಿದ, "ಹಸಿರ ಬಂದ್ರೂ ನಾ ಎತ್ತೂದಿಲ್ರಿ. ಭಂಡಾರ ಎಲ್ಲೈತಿ?"

ಮಹಾಂತೇಶ ಗೇಟಿಗೆ ಓಡಿ ತಂದೆಯ ಹತ್ತಿರ ಭಂಡಾರದ ಚೀಲ ಕೇಳಿದ. "ಕೇಳಲಾರದ ಕಲ್ಲಿಗೆ ಹ್ಯಾಂಗ ಹಚ್ಚತೀಯೋ?" ಎಂದು ಕಾಕಾ ಚೀಲವನ್ನು ಬಿಗಿಯಾಗಿ ಹಿಡಿದರು. "ಹೊಸಾ ಮಿಶಿನ್ನಿನ ಪೂಜಾ ಅಂತ ತಿಳಕೋ ಅಪ್ಪಾ," ಎಂದು ಮಗ ಹೆಚ್ಚುಕಡಿಮೆ ಕಸಿದುಕೊಂಡೇ ಬಂದ. ಏಳೂ ಕಲ್ಲಿಗೆ ತಂದೆಯ ಹಾಗೆಯೇ ಮೂರು ಬೆರಳು ಎಳೆದು, ಮತ್ತೆ ಕಮಾನಿನ ಅಡಿಗೆ ತಳ್ಳಿದರು.

ಹಸಿರು. ಏಳಕ್ಕೆ ಏಳೂ ಹಸಿರು.

ಕೂಗೇನು, ಕುಣಿತವೇನು! ಬೀರಪ್ಪನೇ ಯಂತ್ರದೊಳಗೆ ಬಂದು ಕೂತ ಎಂದರು. ಕಂಪ್ಯೂಟರಿನಲ್ಲಿ ತಾನು ತಿದ್ದಿದ್ದರಿಂದ ಸರಿಹೋಯಿತೆಂದು ಪ್ರೇಮಕುಮಾರ ಬೆವರು ಒರೆಸಿಕೊಂಡ. ನಾನೂ ಕೈ ಮುಗಿದೆ. ಓದಿದವಳು ನಾನು, ಒಂದು ಗಳಿಗೆಯಾದರೂ ಯಾಕೆಂದು ಕೇಳಿಕೊಳ್ಳಬಾರದಿತ್ತೇ? ಕೇಳಿಕೊಳ್ಳಲಿಲ್ಲ.

ಮರುದಿನದಿಂದ ಅದೇ ರೂಢಿಯಾಯಿತು. ಬೆಳಿಗ್ಗೆ ಮಹಾಂತೇಶ ಬಂದ ಕಲ್ಲಿಗೆಲ್ಲ ಭಂಡಾರ ಹಚ್ಚುವುದು, ಆಮೇಲೆ ಯಂತ್ರ ನೋಡುವುದು, ಹಸಿರು ಬರುವುದು, ಜಹೀರ ಎತ್ತುವುದು. ಹತ್ತು ದಿನ ಒಂದೇ ಒಂದು ಕೆಂಪು ದೀಪ ಹತ್ತಲಿಲ್ಲ. "ಗಣಿಯಾಗ ಈಗ ಭಾರಿ ಚಲೋ ಪದರ ಹತ್ತೇದ," ಎಂದು ಮಾಲೀಕರು ಖುಷಿಯಿಂದ ಹೇಳಿಕೊಂಡು ತಿರುಗಿದರು.

ಗೇಟಿನಲ್ಲಿದ್ದ ಕಾಕಾ ದಿನದಿಂದ ದಿನಕ್ಕೆ ಇಳಿದುಹೋದರು. ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಯಾರ್ಡಿಗೆ ಬೆನ್ನು ಮಾಡಿ, ಗೇಟಿನ ಸರಳು ಹಿಡಿದು ನಿಂತಿರುತ್ತಿದ್ದರು. ಕ್ರೇನಿನ ಸರಪಳಿ ಕಲ್ಲಿಗೆ ತಾಗಿ ಸದ್ದಾದಾಗೆಲ್ಲ ಅವರ ಭುಜ ಮೇಲೇರುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ನನ್ನ ಕಿಟಕಿಗೆ ಬಂದರು. ತುಟಿ ಒಣಗಿತ್ತು.

"ಅಕ್ಕಾರ, ನಿನ್ನಿ ಎತ್ತಿದ್ರಾಗ ಎರಡು ಕೆಮ್ಮಿದ್ವು. ಮೊನ್ನೆ ಒಂದು."

"ಇಲ್ಲಿಂದ ಅಲ್ಲೀಮಟಾ ನಿಮಗ ಕೇಳಸ್ತೈತೇನ್ರಿ?"

"ಸರಪಳಿ ಬಡದ್ರ ಕೇಳಸ್ತೈತ್ರಿ. ಕೇಳಸಬಾರದು ಅಂತ ಬೇಡ್ಕೋತೇನಿ, ಆದ್ರೂ ಕೇಳಸ್ತೈತಿ."

"ಮಹಾಂತೇಶಗ ಹೇಳ್ರಲ್ಲ?"

"ಹೇಳಿದ್ನಿ. 'ನಿನ್ನ ಕೆಲಸಾ ಹ್ವಾದ ಹೊಟ್ಟಿಬ್ಯಾನಿ ಅಪ್ಪಾ ನಿಂದು' ಅಂದ. ಖರೆ ಇದ್ರೂ ಇರಬಹುದ್ರಿ. ಒಮ್ಮೆ ಕೇಳಸಲಾರದ ಕಿವಿ ಇದು, ಈಗ ಇಲ್ಲದ್ದು ಕೇಳಸಾಕತ್ತೈತೋ ಏನೋ. ಮಗಾ ಅದರ ಅಡಿ ನಿಂತಾನ್ರಿ ಅಕ್ಕಾರ. ನನಗ ಜೀವ ನಿಲ್ಲವಲ್ದು."

ನಾನು ಏನು ಹೇಳಿದೆ ಗೊತ್ತೇ? "ಯಂತ್ರಕ್ಕ ನಾ ಪಾಠ ಕಲಿಸೇನಿ ಕಾಕಾ, ನನ್ನ ಫೋಟೊ ಸುಳ್ಳಾಗೂದಿಲ್ಲ," ಎಂದುಬಿಟ್ಟೆ. ಅವರು ಗೇಟಿಗೆ ಹೋದರು.

ಆದರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ನನ್ನ ಫೋಟೊ ಸರಿ ಇದೆಯೆಂದು ನನಗೆ ನಾನೇ ತೋರಿಸಿಕೊಳ್ಳೋಣ ಎಂದು ಹಳೆಯವನ್ನು ತೆರೆದೆ. ಎಡಕ್ಕೆ ಗಟ್ಟಿ ಕಲ್ಲು, ಬಲಕ್ಕೆ ಬೇಡವಾದದ್ದು. ಹತ್ತು ನೋಡಿದೆ, ಐವತ್ತು ನೋಡಿದೆ. ಎಡಕ್ಕಿದ್ದ ಪ್ರತಿಯೊಂದು ಕಲ್ಲಿನ ಮೇಲೂ ಹಳದಿ ಇತ್ತು. ಬಲಕ್ಕಿದ್ದ ಒಂದರ ಮೇಲೂ ಇರಲಿಲ್ಲ. ಹೇಗೆ ಇದ್ದೀತು? ಕಾಕಾ ಭಂಡಾರ ಹಚ್ಚಿ ಮುಗಿಸಿದ ಮೇಲೆ ನಾನು ಗಟ್ಟಿ ಕಲ್ಲಿನ ಫೋಟೊ ತೆಗೆಯುತ್ತಿದ್ದೆ. ಬೇಡವಾದದ್ದಕ್ಕೆ ಅವರು ಎಂದೂ ಹಚ್ಚಲಿಲ್ಲ. ಯಂತ್ರ ಕೂದಲೆಳೆಯ ಗುರುತು ಹುಡುಕುವ ಕಷ್ಟವನ್ನೇ ತೆಗೆದುಕೊಂಡಿರಲಿಲ್ಲ. ಹಳದಿ ಇದ್ದರೆ ಗಟ್ಟಿ, ಇಲ್ಲದಿದ್ದರೆ ಸೀಳು. ನನ್ನ ಶಿಸ್ತಿನ ಫೋಟೊಗಳಿಂದ ಅದು ಕಲಿತದ್ದು ಇಷ್ಟೇ.

ಸೈರನ್ ಕೂಗಿತು, ಎಲ್ಲರೂ ಊಟಕ್ಕೆ ಹೋದರು. ನಾನು ನನ್ನ ಊಟದ ಡಬ್ಬಿ ಹಿಡಿದು ಓಡಿದೆ. ಮಹಾಂತೇಶ ಕಮಾನಿನ ಬಳಿ ಭಂಡಾರದ ಚೀಲ ಬಿಟ್ಟು ಹೋಗಿದ್ದ. ಒಂದು ಚಿಟಿಕೆ ತೆಗೆದು ಸ್ಟೀಲಿನ ಮುಚ್ಚಳಕ್ಕೆ ಮೂರು ಬೆರಳು ಎಳೆದು, ಡಬ್ಬಿಯನ್ನು ಖಾಲಿ ಟ್ರಾಲಿಯ ಮೇಲಿಟ್ಟು ತಳ್ಳಿದೆ. ಹಸಿರು ದೀಪ ಹತ್ತಿತು. ಬದನೆಕಾಯಿ ಪಲ್ಯ, ಎರಡು ರೊಟ್ಟಿ ಇದ್ದ ನನ್ನ ಡಬ್ಬಿಯನ್ನು ನೂರಕ್ಕೆ ತೊಂಬತ್ತೇಳು ಪಾಲು ಗಟ್ಟಿ ಕಲ್ಲೆಂದು ಯಂತ್ರ ಬರೆದುಕೊಂಡಿತು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವತ್ತು ಡಬ್ಬಿ ಎತ್ತಿಕೊಂಡು ಓಡಿದೆ.

"ಕಾಕಾ! ಕಾಕಾ!" ಎಂದು ಕೂಗುತ್ತ ಗೇಟಿಗೆ ಹೋಗಿ ಎಲ್ಲ ಹೇಳಿದೆ. ಅವರಿಗೆ ಕಂಪ್ಯೂಟರು ತಿಳಿಯುತ್ತದೋ ಇಲ್ಲವೋ, ಇದು ಮಾತ್ರ ಒಂದೇ ಮಾತಿಗೆ ತಿಳಿಯಿತು. "ಹಂಗಾರ ಅದು ಕಲ್ಲ ನೋಡಿಲ್ಲ. ನನ್ನ ಕೈ ನೋಡೈತಿ," ಎಂದರು.

ಅಷ್ಟರಲ್ಲಿ ಎರಡನೆಯ ಸೈರನ್ ಆಯಿತು. ಊಟಕ್ಕೆ ಮೊದಲೇ ಹಸಿರು ಬಂದಿದ್ದ ದೊಡ್ಡ ಕಲ್ಲೊಂದು ಇನ್ನೊಂದು ಟ್ರಾಲಿಯಲ್ಲಿ ಸರಪಳಿ ಹಾಕಿಸಿಕೊಂಡು ಸಿದ್ಧವಾಗಿತ್ತು. ಜಹೀರ ಎತ್ತಿದ. ಸರಪಳಿ ಬಿಗಿದು ಕಲ್ಲಿಗೆ ಬಡಿದ ಸದ್ದು ನನಗೂ ಕೇಳಿಸಿತು. ನನಗೆ ಅದು ಬರೀ ಸದ್ದು. ಕಾಕಾ ಅವರಿಗೆ ಅದು ಕೆಮ್ಮು.

ಅರವತ್ತೊಂದು ವರ್ಷದ ಮನುಷ್ಯ ಹಾಗೆ ಓಡಿದ್ದನ್ನು ನಾನು ನೋಡಿಲ್ಲ. ಕ್ರೇನಿನ ಗದ್ದಲದಲ್ಲಿ ಅವರ ಕೂಗು ಯಾರಿಗೂ ಕೇಳಿಸಲಿಲ್ಲ. ಕಲ್ಲು ಆಗಲೇ ಆಳೆತ್ತರ ಮೇಲೆ ಇತ್ತು. ಮಹಾಂತೇಶ ಅದರ ಬದಿಗೆ ಕೈಯಿಟ್ಟು ದಾರಿ ತೋರಿಸುತ್ತಿದ್ದ. ಕಾಕಾ ನೇರ ಹೋಗಿ ಕಲ್ಲಿನ ಅಡಿಯಲ್ಲೇ ನಿಂತು ಎರಡೂ ಕೈ ಮೇಲೆತ್ತಿದರು. ಜಹೀರ ಗಕ್ಕನೆ ನಿಲ್ಲಿಸಿದ. ಹದಿನೆಂಟು ಟನ್ ಕಲ್ಲು ಅಪ್ಪ ಮಗನ ತಲೆಯ ಮೇಲೆ ತೂಗುತ್ತ ನಿಂತಿತು.

ಕಾಕಾ ಮಗನ ಎದೆಗೆ ಎರಡೂ ಕೈ ಹಚ್ಚಿ ದೂಡಿದರು. ಮಹಾಂತೇಶ ನಾಲ್ಕು ಹೆಜ್ಜೆ ಆಚೆ ಹೋಗಿ ಬಿದ್ದ. ಆಮೇಲೆ ತಾವೂ ಹಿಂದಕ್ಕೆ ಸರಿದು, ಮಗುವನ್ನು ತೊಟ್ಟಿಲಿಗೆ ಇಳಿಸಲು ಹೇಳುವ ಹಾಗೆ ಅಂಗೈಯಿಂದ ಮೆಲ್ಲಗೆ, ಮೆಲ್ಲಗೆ ಎಂದು ಸನ್ನೆ ಮಾಡಿದರು. ಜಹೀರ ಗೇರನ್ನು ಎರಡೂ ಕೈಯಿಂದ ಹಿಡಿದು ಇಂಚಿಂಚಾಗಿ ಇಳಿಸತೊಡಗಿದ. ಅವನ ಅಪ್ಪ ಸತ್ತದ್ದು ಅದೇ ಜಾಗದಲ್ಲಿ.

ಕಲ್ಲು ಟ್ರಾಲಿಗೆ ಇಳಿಯಿತು. ಮಾಲೀಕರು ಓಡಿ ಬಂದರು. ಕಾಕಾ ತಲೆಯ ರುಮಾಲು ಬಿಚ್ಚಿ ಕಲ್ಲಿನ ಮೇಲಿನ ಭಂಡಾರ ಒರೆಸತೊಡಗಿದರು. ಮಹಾಂತೇಶ ಎದ್ದು ಬಂದು ಅವರ ಕೈ ಹಿಡಿದ. "ಅಪ್ಪಾ, ಭಂಡಾರ ಒರಸಬ್ಯಾಡೋ! ದೇವರು!"

"ದೇವರಿಗೆ ನಾ ಹೇಳ್ಕೋತೇನಿ. ಬಿಡು ಕೈ," ಎಂದರು. ಬೀರಪ್ಪನನ್ನು ಆ ಮನುಷ್ಯ ಎಷ್ಟು ನಂಬಿದ್ದರೆಂದು ಬಲ್ಲವಳು ನಾನು. ಚೂರೂ ಹಳದಿ ಉಳಿಯದಂತೆ ಒರೆಸಿ, "ಈಗ ದೂಡ್ರಿ," ಎಂದರು.

ಅದೇ ಕಲ್ಲು, ಅದೇ ಕಮಾನು. ಕೆಂಪು ದೀಪ ಹತ್ತಿತು.

ಮಾಲೀಕರು ಪರದೆಯನ್ನೇ ನೋಡುತ್ತ ನಿಂತರು. ಕಾಕಾ ಸೊಂಟದಿಂದ ಸುತ್ತಿಗೆ ತೆಗೆದು ಕಲ್ಲಿನ ನಡುವಿಗೆ ಒಂದು ಏಟು ಹಾಕಿದರು. ಇಷ್ಟು ಹತ್ತಿರದಿಂದ ನನಗೂ ಗೊತ್ತಾಯಿತು, ಕಲ್ಲು ನಿಜವಾಗಿಯೂ ಕೆಮ್ಮಿತು. ಎರಡನೆಯ ಏಟಿಗೆ ನೆತ್ತಿಯ ಮೇಲೆ ದಾರದಷ್ಟು ಗೆರೆ ಮೂಡಿತು. ಮೂರನೆಯದಕ್ಕೆ ಅರ್ಧ ಕಲ್ಲು ನಿಧಾನವಾಗಿ ವಾಲಿ, ಟ್ರಾಲಿಯಿಂದ ಜಾರಿ, ಮಹಾಂತೇಶ ನಿಲ್ಲುವ ಕಡೆಗೇ ಉರುಳಿತು. ನೆಲ ಅದುರಿತು. ಮಹಾಂತೇಶ ಅಲ್ಲಿಯೇ ಕುಸಿದು ಕೂತು ತಂದೆಯ ಕಾಲು ಹಿಡಿದುಕೊಂಡ.

ಕಾಕಾ ಮಗನ ತಲೆಯ ಮೇಲೆ ಕೈಯಿಟ್ಟು ನನ್ನತ್ತ ನೋಡಿದರು. "ಅಕ್ಕಾರ, ಈ ಹನ್ನೊಂದು ದಿನದಾಗ ಹೊರಗ ಎಷ್ಟು ಹ್ವಾದ್ವು?"

ಅದು ಅಲ್ಲಿಯವರೆಗೂ ನಮ್ಮಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಇಪ್ಪತ್ತಮೂರು ಕಲ್ಲು ಇಡಿಯಾಗಿ ಮಾರಾಟವಾಗಿ ಭಂಡಾರದ ಸಮೇತ ಬೇರೆ ಬೇರೆ ಊರಿನ ಕಾರ್ಖಾನೆಗಳಿಗೆ ಹೋಗಿದ್ದವು. "ನಾವಾಗೇ ಹೇಳಿದ್ರ ನಮ್ಮ ಹೆಸರ ಹೋಗ್ತದಲ್ಲ ಕಾಕಾ," ಎಂದರು ಮಾಲೀಕರು ಸಣ್ಣ ದನಿಯಲ್ಲಿ. ಕಾಕಾ ಬಿದ್ದ ಹೋಳಿನ ಕಡೆ ಬರೀ ಕೈ ತೋರಿಸಿದರು. ಮಾಲೀಕರು ತಮ್ಮ ಫೋನು ತೆಗೆದು ನನಗೆ ಕೊಟ್ಟರು.

ನಾನು ನಂಬರು ಹಚ್ಚಿದೆ, ಕಾಕಾ ಮಾತಾಡಿದರು. ಹದಿನಾಲ್ಕು ವರ್ಷ ಭಂಡಾರವಿದ್ದರೆ ಎತ್ತಿರಿ ಎಂದ ಬಾಯಿ, ಅವತ್ತು ಒಂದೊಂದು ಊರಿಗೂ "ಹಳದಿ ಇದ್ರ ಎತ್ತಬ್ಯಾಡ್ರಿ" ಎಂದಿತು. ಹೊಸಪೇಟೆಯ ಕಾರ್ಖಾನೆಯವನೊಬ್ಬ, "ನಿಮ್ಮ ಕಲ್ಲಂದ್ರ ನಮ್ಮ ಹುಡುಗ್ರು ಹಳದಿ ನೋಡೇ ಧೈರ್ಯಲೆ ಅಡಿಗೆ ಹೊಕ್ಕಾರ. ಈಗೂ ಎತ್ತಾಕತ್ತಾರ," ಎಂದ. "ಇಳಸ್ರಿ!" ಎಂದು ಕಾಕಾ ಕಿರುಚಿದ ಸದ್ದಿಗೆ ದೂರದಲ್ಲಿದ್ದವರೆಲ್ಲ ಓಡಿ ಬಂದರು. ಫೋನಿನಲ್ಲಿ ಓಡಾಟ, ಕೂಗಾಟ ಕೇಳಿಸಿತು. ಕಡೆಗೆ, "ಇಳಿಸೇವ್ರಿ," ಎಂಬ ದನಿ ಬಂತು. ಸಂಜೆಯ ಹೊತ್ತಿಗೆ ಎಲ್ಲ ಕಡೆಗೂ ಹೇಳಿ ಮುಗಿಯಿತು. ಯಾರಿಗೂ ಏನೂ ಆಗಿರಲಿಲ್ಲ. ಹೇಗೆ ಆಗಲಿಲ್ಲವೋ ನನಗೆ ಇಂದಿಗೂ ತಿಳಿಯದು.

ಈಗ ಕಾಕಾ ಗೇಟಿನಲ್ಲಿಲ್ಲ, ಮತ್ತೆ ಯಾರ್ಡಿನಲ್ಲಿದ್ದಾರೆ. ಯಂತ್ರಕ್ಕೆ ಮೊದಲಿನಿಂದ ಪಾಠ ನಡೆದಿದೆ, ಹೊಸ ಫೋಟೊ ತೆಗೆಯುತ್ತಿದ್ದೇನೆ. ಭಂಡಾರ ಹಚ್ಚುವುದು ನಿಂತಿತು. ಆದರೆ ಗುರುತೇ ಇಲ್ಲದ ಕಲ್ಲನ್ನು ಎತ್ತಲು ಜಹೀರ ಒಪ್ಪಲಿಲ್ಲ. "ಹಂಗಾರ ನಾ ನಿಂದರ್ತೇನಿ," ಎಂದರು ಕಾಕಾ. ಈಗ ಬಡಿದು ಕೇಳಿ, ಗಟ್ಟಿ ಅನಿಸಿದ ಕಲ್ಲಿನ ಪಕ್ಕ ತಾವೇ ನಿಲ್ಲುತ್ತಾರೆ. ಅದು ಮೇಲೇರಿದರೆ ಮಗನ ಜೊತೆ ಅದರ ಬದಿಗೇ ನಡೆಯುತ್ತಾರೆ. ಬೇಡವೆಂದು ನಾನು ಬಾಯಿ ನೋಯುವಷ್ಟು ಬೈದೆ. ಕೇಳುವ ಜೀವವಲ್ಲ ಅದು.

ಹೊಸ ಫೋಟೊಗಳನ್ನು ಮೊದಲ ವಾರ ತೆರೆದು ನೋಡಿದೆ. ಗಟ್ಟಿ ಕಲ್ಲಿನ ಒಂದೊಂದು ಫೋಟೊದಲ್ಲೂ ಅಂಚಿಗೆ ಕಾಕಾ ನಿಂತಿದ್ದರು. ಬೇಡವಾದದ್ದರಲ್ಲಿ ಯಾರೂ ಇರಲಿಲ್ಲ. ಎಲ್ಲವನ್ನೂ ಅಳಿಸಿದೆ. ಈಗ ಪ್ರತಿ ಸಲವೂ "ಕಾಕಾ, ಈ ಕಡೆ ಸರೀರಿ," ಎನ್ನುತ್ತೇನೆ. ಅವರು ಸರಿಯುತ್ತಾರೆ. ಅವರ ಚಪ್ಪಲಿಯ ತುದಿಯಾಗಲಿ ನೆರಳಾಗಲಿ ಬಿದ್ದಿಲ್ಲವೆಂದು ಮೂರು ಮೂರು ಸಲ ನೋಡಿ ಗುಂಡಿ ಒತ್ತುತ್ತೇನೆ. ಅವರು ಹೋಗಿ ಮತ್ತೆ ಅಲ್ಲೇ ನಿಲ್ಲುತ್ತಾರೆ, ಜಹೀರ ಎತ್ತುತ್ತಾನೆ.

ದಿನದ ಕಡೆಯ ಕಲ್ಲು ಇಳಿಯುವವರೆಗೆ ಈಗ ನಾನೂ ನನ್ನ ಡಬ್ಬಿ ಬಿಚ್ಚುವುದಿಲ್ಲ.